ಬಾಗಿಲು ಕಾಯುವ ಮೀನು

ಬಾಡಿಗೆಯ ಮನೆಗಾಗಿ ಅಲೆದು ಸೋತ ಸಂಸಾರಿಗನು ಈ ಮೀನಿನ ಭಾಗ್ಯವನ್ನು ಕಂಡು ಕರುಬದೆ ಇರಲಾರನು. ಮನೆ ಕಟ್ಟಿಸುವ ತಾಪತ್ರಯ ಅದಕ್ಕಿಲ್ಲ. ತಿಂಗಳು ಹುಟ್ಟಿತೆಂಬ ಭಯವೂ ಇಲ್ಲ. ಇದರ ಹೆಸರು ಗೋಬಿ. ಹೆಸರು ಕೇಳಿದೊಡನೆ ಗೃಹಿಣಿಯರು ಹೂಕೋಸನ್ನು ನೆನೆಯಬಾರದು! ಕೆಂಪು ಸಮುದ್ರದ ಹವಳದ ದಿಬ್ಬಗಳ ಬುಡದಲ್ಲಿ, ಮರಳಿನ ನೆಲದಲ್ಲಿ ಬಾಳುವ ಬೆರಳುದ್ದದ ಪಟ್ಟೆಮೀನು ಇದು.

ಮನೆಯ ಯಜಮಾನಿಕೆ ಸಿಗಡಿಯದು. ಕಡಲಮರಳಿನ ಬಿಲ ಗಳಿಗೆಗೊಮ್ಮೆ ಕುಸಿಯುತ್ತದೆ. ಕುಸಿದ ಮರಳನ್ನೂ ಚಿಪ್ಪಿನ ಚೂರುಗಳನ್ನೂ ಮುಂಗೈಗಳಿಂದ ತಳ್ಳಿತಂದು ಹೊರಗೆ ಚೆಲ್ಲಬೇಕು, ಮತ್ತೆ ಒಳಗೆ ಹೋಗಬೇಕು. ಹಗಲೆಲ್ಲ ಇದೇ ದುಡಿಮೆ. ಅದರ ಒಂದು ಕೈಯಂತೂ ಬಂದೂಕವೇ ಸರಿ. ಇಕ್ಕಳದಂತಹ ಆ ಕೈಯನ್ನು ಚಟ್ಟನೆ ಮುಚ್ಚಿದರೆ ನೀರಿನಲ್ಲಿ ಗುಳ್ಳೆಯೊಂದು ಹುಟ್ಟಿ, ಕುಗ್ಗಿ, ಸಿಡಿಯುತ್ತದೆ. ಸದ್ದು ಏಳುವುದು ಕೈ ಬಡಿದುದರಿಂದಲ್ಲ, ಗುಳ್ಳೆ ಸಿಡಿದುದರಿಂದ ಎಂದು ವಿಜ್ಞಾನಿಗಳು ತೋರಿಸಿಕೊಟ್ಟದ್ದು 2000ದಲ್ಲಿ. ಇಷ್ಟು ದೊಡ್ಡ ಆಯುಧವಿದ್ದೂ, ಪಾಪ, ಕಣ್ಣು ಮಂದ. ಹಸಿದ ಮೀನೊಂದು ಹತ್ತಿರ ಸುಳಿದರೂ ಅದಕ್ಕೆ ತಿಳಿಯದು.

ಆದುದರಿಂದಲೇ ಬಾಗಿಲಿನಲ್ಲಿ ಗೋಬಿಯ ಕಾವಲು. ಬೆಳಗಾದ ಮೇಲೆ ಅದು ಹೊರಬಂದು, ತಲೆಯನ್ನು ಕಡಲ ಕಡೆಗೂ ಬಾಲವನ್ನು ಮನೆಯ ಕಡೆಗೂ ಇಟ್ಟು ನಿಲ್ಲುತ್ತದೆ. ಸಿಗಡಿ ಹೊಸ್ತಿಲು ದಾಟಿತೆಂದರೆ ತನ್ನ ನೀಳವಾದ ಮೀಸೆಯನ್ನು ಮೀನಿನ ಮೈಗೆ ತಾಗಿಸಿಕೊಂಡೇ ಕೆಲಸ ಮಾಡುತ್ತದೆ. ಇಬ್ಬರ ಮಾತುಕತೆಯೆಲ್ಲ ಆ ಒಂದು ಎಳೆಯ ಮೇಲೆಯೇ ನಡೆಯಬೇಕು. ಶತ್ರು ಕಣ್ಣಿಗೆ ಬಿದ್ದಾಗ ಗೋಬಿ ಬಾಲವನ್ನು ಅದುರಿಸುತ್ತದೆ. ಸಿಗಡಿ ಒಡನೆಯೇ ಹಿಂದೆ ಸರಿಯುತ್ತದೆ. ಶತ್ರು ಮೇಲೆಯೇ ಎರಗಿದರೆ ಮೀನೂ ತಲೆಮುಂದಾಗಿ ಬಿಲಕ್ಕೆ ನುಗ್ಗುತ್ತದೆ. ಕೆಂಪು ಸಮುದ್ರದ ಈ ಒಡನಾಟವನ್ನು ಲೂಥರ್ ಎಂಬ ಜರ್ಮನ್ ಪ್ರಾಣಿಶಾಸ್ತ್ರಜ್ಞನು 1958ರಲ್ಲಿ ವರ್ಣಿಸಿ ಪ್ರಕಟಿಸಿದನು.

ಗೋಬಿಯನ್ನು ಕುಳಿತು ಉಣ್ಣುವ ನೆಂಟನೆಂದು ಹಳಿಯುವವರಿದ್ದರೆ ಅವರು ಕೊಂಚ ತಾಳಬೇಕು. ಕಂಡ ನೆರಳಿಗೆಲ್ಲ ಬಾಲ ಅದುರಿಸಿದರೆ ಸಿಗಡಿಯ ಕೆಲಸ ಕೆಡುತ್ತದೆ, ಬಿಲ ಹೂತುಹೋಗುತ್ತದೆ, ಓಡಿ ಅವಿತುಕೊಳ್ಳಲು ಗೋಬಿಗೇ ಎಡೆಯಿರುವುದಿಲ್ಲ. ಅದುರಿಸಲು ಮರೆತರೆ ಸಿಗಡಿಯ ಪ್ರಾಣವೇ ಹೋಗುತ್ತದೆ. ಸಿಗಡಿ ಹೋದ ಮೇಲೆ ಮನೆ ಎಷ್ಟು ದಿನ ನಿಂತೀತು? ಆದ್ದರಿಂದ ಯಾವ ಮೀನು ಕೇಡಿಗ, ಯಾವುದು ದಾರಿಹೋಕ ಎಂಬುದನ್ನು ಅದು ಗುರುತಿಸಲೇಬೇಕು. ಎಷ್ಟೋ ಬಿಲಗಳಲ್ಲಿ ಸಿಗಡಿ ದಂಪತಿಗಳೂ ಗೋಬಿ ದಂಪತಿಗಳೂ ಒಟ್ಟಿಗೆ ಇರುವುದುಂಟು. ಒಂದೇ ಸೂರಿನಡಿ ಎರಡು ಸಂಸಾರ. ನಗರವಾಸಿಗಳು ನಂಬುವುದು ಕಷ್ಟ.

ಕತ್ತಲಾಗುತ್ತಲೇ ಗೋಬಿ ಒಳಸೇರುತ್ತದೆ. ಇರುಳಿನಲ್ಲಿ ಬಾಗಿಲಿನ ಮರಳು ಜಾರಿ ಮುಚ್ಚಿಕೊಳ್ಳುವುದೂ ಉಂಟು. ಬೆಳಗಿನವರೆಗೆ ಅದು ಹಾಗೆಯೇ ಇರುತ್ತದೆ.