ವಿಟ್ಬಿಯ ದಾರಿಗಳು: ಸೈಕಲ್ಲಿನ ಮೇಲೊಂದು ಓದು

ಇಂಗ್ಲಿಷ್ ಸಾಹಿತ್ಯದ ಚರಿತ್ರೆಯನ್ನು ಓದಿದವರಿಗೆ ಕ್ಯಾಡ್ಮನ್ನನ ಪ್ರಸಂಗ ತಿಳಿದೇ ಇರುತ್ತದೆ. ಬೀಡ್ ಎಂಬ ಸಂನ್ಯಾಸಿ ಕ್ರಿ.ಶ. 731ರಲ್ಲಿ ಲ್ಯಾಟಿನ್ನಿನಲ್ಲಿ ಬರೆದು ಮುಗಿಸಿದ ಆಂಗ್ಲ ಜನರ ಧರ್ಮಚರಿತ್ರೆಯ ನಾಲ್ಕನೆಯ ಭಾಗದಲ್ಲಿ ಅದು ಬರುತ್ತದೆ. ಔತಣದಲ್ಲಿ ಹಾರ್ಪ್ ವಾದ್ಯ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಸಾಗುತ್ತಿದೆ. ಹಾಡಲು ಬಾರದ ದನಗಾಹಿಯೊಬ್ಬ ತನ್ನ ಸರದಿ ಬರುವ ಮೊದಲೇ ಎದ್ದು ಕೊಟ್ಟಿಗೆಗೆ ಹೋಗಿ ಮಲಗುತ್ತಾನೆ. ಕನಸಿನಲ್ಲಿ ಯಾರೋ ಬಂದು ಹಾಡು ಎನ್ನುತ್ತಾರೆ. ಅವನು ಸೃಷ್ಟಿಯನ್ನು ಕುರಿತು ಹಾಡುತ್ತಾನೆ. ಬೆಳಗಾದ ಮೇಲೆ ಅವನನ್ನು ಮಠದ ಒಡತಿ ಹಿಲ್ಡಳ ಮುಂದೆ ಕರೆದೊಯ್ಯುತ್ತಾರೆ. ಕ್ರಿ.ಶ. 657ರಲ್ಲಿ ಸ್ಥಾಪನೆಯಾದ ಆ ಮಠವಿದ್ದುದು ಇಂದಿನ ವಿಟ್ಬಿಯಲ್ಲಿ, ಉತ್ತರ ಸಮುದ್ರದ ಕಡಿದಾದ ದಂಡೆಯ ಮೇಲೆ. ಆ ಮೊದಲ ಹಾಡಿನದೆನ್ನುವ ಒಂಬತ್ತು ಸಾಲುಗಳು ಮಾತ್ರ ಉಳಿದಿವೆ. ಅವು ಕೂಡ ಬೀಡನ ಲ್ಯಾಟಿನ್ ಪಠ್ಯದಲ್ಲಿ ಇರಲಿಲ್ಲ. ಹೆಸರಿಲ್ಲದ ಲಿಪಿಕಾರರು ಹಸ್ತಪ್ರತಿಯ ಅಂಚಿನಲ್ಲೋ ಕೊನೆಯ ಪುಟದಲ್ಲೋ ಬರೆದಿಟ್ಟದ್ದರಿಂದ ಉಳಿದವು.

ತರಗತಿಯಲ್ಲಿ ಈ ಪ್ರಸಂಗವನ್ನು ಹಲವು ವರ್ಷ ಹೇಳಿದ್ದೇನೆ. ಕನಸು, ಪ್ರತಿಭೆ, ಛಂದಸ್ಸು ಇವುಗಳ ಬಗ್ಗೆ ವಿದ್ಯಾರ್ಥಿಗಳು ಕೇಳುತ್ತಿದ್ದರು. 'ದನಗಳು ಎಲ್ಲಿ ಮೇಯುತ್ತಿದ್ದವು ಸರ್?' ಎಂದು ಕೇಳಿದವಳು ಮಲೆನಾಡಿನ ಒಬ್ಬ ಹುಡುಗಿ ಮಾತ್ರ. ಬೀಡ್ ಇದಕ್ಕೆ ಉತ್ತರ ಹೇಳುವುದಿಲ್ಲ. ವಿಮರ್ಶಕರು ಹೇಳಬೇಕೆಂದು ಭಾವಿಸಿದಂತೆಯೂ ಕಾಣುವುದಿಲ್ಲ. ಯಾರ್ಕ್ ನಗರದಲ್ಲಿರುವ ಮಗಳ ಮನೆಗೆ ಹೋದಾಗ, ಆ ಪ್ರಶ್ನೆಯನ್ನು ಇಟ್ಟುಕೊಂಡೇ ಎರಡು ದಿನದ ಮಟ್ಟಿಗೆ ಅಳಿಯನ ಸೈಕಲ್ಲನ್ನು ಎರವಲು ಪಡೆದೆ. ಆಗಸ್ಟ್ ತಿಂಗಳ ನಡುಭಾಗ. ಕಾರಿನಲ್ಲಿ ಹೋಗಿದ್ದರೆ ಕಿಟಕಿಯಾಚೆ ಎಲ್ಲವೂ ಚಿತ್ರವಾಗಿಬಿಡುತ್ತಿತ್ತು. ನಡೆದು ಹೋಗಲು ಮೊಣಕಾಲು ಒಪ್ಪುತ್ತಿರಲಿಲ್ಲ. ಅರವತ್ತು ದಾಟಿದವನಿಗೆ ಸೈಕಲ್ಲೇ ತಕ್ಕ ವಾಹನವೆಂದು ನಾನು ವಾದಿಸಿದೆ. 'ಅಪ್ಪಾ, ಅಲ್ಲಿ ಮೂರಕ್ಕೊಂದರ ಏರು ಇದೆ, ಅದನ್ನು ಮಾತ್ರ ಇಳಿದು ತಳ್ಳಿಕೊಂಡೇ ಹತ್ತಿ' ಎಂದಳು ಮಗಳು. ಮೂರು ಅಡಿ ಮುಂದಕ್ಕೆ ಹೋದರೆ ಒಂದು ಅಡಿ ಮೇಲಕ್ಕೆ ಎಂದು ಅದರ ಅರ್ಥ.

ಮೊದಲ ದಿನದ ದಾರಿ ಸ್ಕಾರ್ಬರೋದಿಂದ ವಿಟ್ಬಿಗೆ, ಸುಮಾರು 34 ಕಿಲೋಮೀಟರು. 1885ರಲ್ಲಿ ಆರಂಭವಾಗಿ 1965ರಲ್ಲಿ ಮುಚ್ಚಿದ ರೈಲುಮಾರ್ಗದ ಪಾತಳಿಯದು. ಹಳಿ ಕಿತ್ತ ಮೇಲೆ ಉಳಿದ ಕಿಟ್ಟದ ಹಾಸಿನಿಂದಾಗಿ ಸಿಂಡರ್ ಟ್ರ್ಯಾಕ್ ಎಂದು ಹೆಸರು. ಸಮುದ್ರ ಬಲಕ್ಕೆ ಕಾಣುತ್ತದೆ, ಮರೆಯಾಗುತ್ತದೆ, ಮತ್ತೆ ಕಾಣುತ್ತದೆ. ಏರು ಇದೆಯೆಂದು ಕಣ್ಣಿಗೆ ಗೊತ್ತಾಗುವುದಿಲ್ಲ, ತೊಡೆಗಳಿಗೆ ಗೊತ್ತಾಗುತ್ತದೆ. ಅತ್ಯಂತ ಕಡಿದಾದಲ್ಲಿಯೂ ಸುಮಾರು ನಲವತ್ತಕ್ಕೊಂದು. ಉಗಿಬಂಡಿಯ ಚಕ್ರ ಜಾರದಷ್ಟು ಮಾತ್ರ ಏರಬೇಕೆಂದು ಲೆಕ್ಕ ಹಾಕಿದವರ ಶಿಸ್ತು ಅದರಲ್ಲಿದೆ. ಅಡ್ಡ ಬರುವ ಹಳ್ಳಿಯ ಓಣಿಗಳದು ಬೇರೆಯೇ ಸ್ವಭಾವ. ಮೇಲಿನ ಹೊಲದಿಂದ ಕೆಳಗಿನ ಕಡಲಿಗೆ ಅವು ನೆಟ್ಟಗೆ ಇಳಿದುಬಿಡುತ್ತವೆ. ಅವನ್ನು ಮಾಡಿದವರಿಗೆ ಕಾಲು, ಕತ್ತೆ, ಹೊರೆ ಇಷ್ಟೇ ಲೆಕ್ಕ. ಹಸ್ತಪ್ರತಿಗಳೊಂದಿಗೆ ಬದುಕಿದವರಿಗೆ ಇದು ಹೊಸತಲ್ಲ. ಒಂದೇ ಓಲೆಯ ಕಟ್ಟಿನಲ್ಲಿ ಲಿಪಿಕಾರ ಬದಲಾದದ್ದನ್ನು ಅಕ್ಷರದ ಬಾಗಿನಿಂದ ಗುರುತಿಸುತ್ತೇವಲ್ಲ, ಹಾಗೆಯೇ ಏರಿನ ಬಾಗಿನಿಂದ ದಾರಿ ಮಾಡಿದವರನ್ನು ಗುರುತಿಸಬಹುದು. ಸೈಕಲ್ಲು ತುಳಿಯುವವನಿಗೆ ಈ ಭೇದ ಬಿಟ್ಟು ಬೇರೇನೂ ತೋರುವುದಿಲ್ಲವೆಂದರೂ ಸರಿಯೆ.

ಆ ಮಾರ್ಗದ ನೆತ್ತಿಯಲ್ಲಿ ರೇವನ್ಸ್‌ಕಾರ್ ಎಂಬ ಊರಿದೆ. ಊರು ಎಂದದ್ದು ಉಪಚಾರಕ್ಕೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಲ್ಲಿ ಕಡಲತೀರದ ವಿಹಾರ ಪಟ್ಟಣವೊಂದನ್ನು ಕಟ್ಟಲು ಹೊರಟು ಬೀದಿಗಳನ್ನು ಎಳೆದರು, ನಿವೇಶನಗಳನ್ನು ಮಾರಿದರು. ಗಾಳಿ ವಿಪರೀತ, ಕಡಲು ಬಹಳ ಕೆಳಗೆ, ಪಟ್ಟಣ ಬೆಳೆಯಲಿಲ್ಲ. ಹುಲ್ಲಿನ ನಡುವೆ ಮನೆಗಳಿಲ್ಲದ ಬೀದಿಗಳು ಇಂದಿಗೂ ಇವೆ. ಅಲ್ಲಿಂದ ಕೆಳಗಿಳಿದರೆ ಪಟಿಕ ತಯಾರಿಸುತ್ತಿದ್ದ ಕಾರ್ಖಾನೆಯ ಅವಶೇಷ. ಬಟ್ಟೆಗೆ ಬಣ್ಣ ನಿಲ್ಲಿಸಲು, ತೊಗಲು ಹದಮಾಡಲು ಪಟಿಕ ಬೇಕಿತ್ತು. ಹದಿನೇಳನೆಯ ಶತಮಾನದ ಆರಂಭದಿಂದ 1871ರವರೆಗೆ ಈ ದಂಡೆಯ ಉದ್ದಕ್ಕೂ ಬಂಡೆಯನ್ನು ಒಡೆದು, ರಾಶಿ ಹಾಕಿ, ತಿಂಗಳುಗಟ್ಟಲೆ ಸುಟ್ಟು, ನೀರಿನಲ್ಲಿ ನೆನೆಸಿ ಅದನ್ನು ತೆಗೆದರು. ದ್ರಾವಣಕ್ಕೆ ಬೆರೆಸಲು ಮನುಷ್ಯರ ಮೂತ್ರವೂ ಬೇಕಾಗುತ್ತಿತ್ತು. ಅದು ಲಂಡನ್ನಿನಂಥ ನಗರಗಳಿಂದ ಪೀಪಾಯಿಗಳಲ್ಲಿ ತುಂಬಿ ಹಡಗಿನಲ್ಲಿ ಬರುತ್ತಿತ್ತು. ಇಂದು ಪ್ರವಾಸಿಗಳು ಛಾಯಾಚಿತ್ರ ತೆಗೆಯುವ ಆ ಸುಂದರ ಕಡಿದಾದ ದಂಡೆ ಅನೇಕ ಕಡೆ ಗುದ್ದಲಿಯಿಂದ ಆದದ್ದು. ನಮ್ಮ ಅಷ್ಟಾದಶ ವರ್ಣನೆಗಳಲ್ಲಿ ಸಮುದ್ರಕ್ಕೂ ಪರ್ವತಕ್ಕೂ ಸ್ಥಾನವಿದೆ. ಪಟಿಕದ ರಾಶಿಗೆ ಇಲ್ಲ.

ಎಸ್ಕ್ ನದಿಯನ್ನು ಹದಿಮೂರು ಕಮಾನುಗಳ ಇಟ್ಟಿಗೆಯ ಸೇತುವೆಯಲ್ಲಿ ದಾಟಿ ವಿಟ್ಬಿಯನ್ನು ಸೇರಿದೆ. ಪಟ್ಟಣದಿಂದ 199 ಮೆಟ್ಟಿಲು ಹತ್ತಿದರೆ ಮಠದ ಅವಶೇಷ. ಈಗ ನಿಂತಿರುವ ಗೋಡೆಗಳು ಹಿಲ್ಡಳ ಕಾಲಕ್ಕಿಂತ ಐದಾರು ಶತಮಾನ ಈಚಿನವು; ಅವುಗಳ ವರ್ಣನೆ ಎಲ್ಲೆಡೆ ಸಿಗುತ್ತದೆ. ನನ್ನ ಗಮನ ಸೆಳೆದದ್ದು ಮಠದ ಹಿಂದಿನ ಹೊಲಗಳು. ದಂಡೆಗೂ ಒಳನಾಡಿನ ಎತ್ತರಕ್ಕೂ ನಡುವೆ ಜೇಡಿಮಣ್ಣಿನ ಒಂದು ಪಟ್ಟಿಯಿದೆ. ಅಲ್ಲಿ ಹುಲ್ಲು ದಟ್ಟ, ಅಲ್ಲಿ ದನಗಳಿದ್ದವು.

ಮರುದಿನ ಒಳನಾಡಿಗೆ ತಿರುಗಿದೆ. ಎಗ್ಟನ್ ಸೇತುವೆ ದಾಟಿ ದಕ್ಷಿಣಕ್ಕೆ ಹತ್ತಿದರೆ ಕೊನೆಯ ಕಲ್ಲಿನ ಬೇಲಿಯಾಚೆ ರಸ್ತೆಗೆ ಅಡ್ಡಲಾಗಿ ಕಬ್ಬಿಣದ ಸರಳುಗಳ ಜಾಲರಿ ಹಾಸಿರುತ್ತಾರೆ. ಜಾನುವಾರು ಅದನ್ನು ದಾಟಲಾರವು. ಆ ಜಾಲರಿಯೇ ಗಡಿ. ಅಲ್ಲಿಂದ ಮುಂದೆ ಮೂರ್. ಕನ್ನಡದಲ್ಲಿ ಇದಕ್ಕೆ ಸರಿಯಾದ ಪದ ನನಗೆ ಹೊಳೆಯಲಿಲ್ಲ. ನಮ್ಮ ಬೋರೆಗೆ ಜೌಗು ಸೇರಿಸಿ, ಮರಗಳನ್ನು ತೆಗೆದು, ಮೊಣಕಾಲೆತ್ತರದ ಹೆದರ್ ಗಿಡವನ್ನು ದಿಗಂತದವರೆಗೆ ಹರಡಿದರೆ ಆದೀತು. ಆಗಸ್ಟಿನಲ್ಲಿ ಹೆದರ್ ಹೂವಾಗಿ ಇಡೀ ಬೆಟ್ಟ ನೇರಳೆ. ಜೇನಿನ ವಾಸನೆ ಸೈಕಲ್ಲಿನ ವೇಗದಲ್ಲಿಯೂ ಮೂಗಿಗೆ ಬಡಿಯುತ್ತದೆ. ನಾನು ಇಳಿದು ನಿಂತೆ. ಇದು ಮನುಷ್ಯ ಮುಟ್ಟದ ಪ್ರಕೃತಿಯೆಂದು ಯಾರಿಗಾದರೂ ಅನ್ನಿಸಬೇಕು. ಆದರೆ ಇಲ್ಲಿ ಕಾಡಿತ್ತು; ಕಂಚಿನ ಯುಗದ ರೈತರು ಕಡಿದರು, ಮಣ್ಣು ಹುಳಿಯಾಯಿತು, ಬೆಳೆ ನಿಂತಿತು, ಹೆದರ್ ಬಂತು. ಅವರ ಗೋರಿಯ ದಿಬ್ಬಗಳು ಇಂದಿಗೂ ನೆತ್ತಿಯ ಮೇಲಿವೆ. ಈಚಿನ ಕಾಲದಲ್ಲಿ ಗ್ರೌಸ್ ಹಕ್ಕಿಯ ಬೇಟೆಗಾಗಿ ಹೆದರನ್ನು ತುಂಡುತುಂಡಾಗಿ ಸರದಿಯ ಮೇಲೆ ಸುಟ್ಟು ಎಳೆಯದಾಗಿ ಇಟ್ಟರು. ನೇರಳೆಯ ನಡುವೆ ಕಂದು ತೇಪೆಗಳು ಕಾಣುವುದು ಅದಕ್ಕೇ. 1952ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಈ ಭೂಮಿಯಲ್ಲಿ ನಾವು ಪ್ರಕೃತಿಯೆಂದು ಓದುವುದರಲ್ಲಿ ಬಹುಪಾಲು ಶ್ರಮದ ಬರವಣಿಗೆ.

ರಸ್ತೆಗೆ ಇಲ್ಲಿ ಬೇಲಿಯಿಲ್ಲ. ಕಪ್ಪು ಮುಖದ ಕುರಿಗಳು ಟಾರಿನ ಮೇಲೆಯೇ ಮಲಗಿ ಮೆಲುಕು ಹಾಕುತ್ತಿದ್ದವು. ಗಂಟೆ ಬಾರಿಸಿದರೆ ಏಳುವುದಿಲ್ಲ. ಒಂದು ಕಡೆ ನಾಯಿಯೊಂದಿಗೆ ನಿಂತಿದ್ದ ಕುರಿಗಾಹಿಯನ್ನು, ಇಷ್ಟು ದೊಡ್ಡ ಬಯಲಿನಲ್ಲಿ ಕುರಿ ತಪ್ಪಿಸಿಕೊಳ್ಳುವುದಿಲ್ಲವೇ ಎಂದು ಕೇಳಿದೆ. ಅವರು ನಕ್ಕರು. ತಾಯಿಕುರಿ ತಾನು ಬೆಳೆದ ತುಂಡಿನಲ್ಲೇ ಮೇಯುತ್ತದೆ, ಮರಿ ತಾಯಿಯ ಹಿಂದೆ ತಿರುಗಿ ಆ ಎಲ್ಲೆಯನ್ನು ಕಲಿಯುತ್ತದೆ, ಕಲಿತದ್ದನ್ನು ತನ್ನ ಮರಿಗೆ ಕಲಿಸುತ್ತದೆ. ಇದಕ್ಕೆ ಹೆಫ್ಟ್ ಎಂದು ಹೆಸರು. ಆದ್ದರಿಂದ ಇಲ್ಲಿ ಜಮೀನು ಮಾರಿದರೆ ಮಂದೆಯೂ ಜಮೀನಿನೊಂದಿಗೇ ಹೋಗಬೇಕು. ಮಂದೆ ಒಮ್ಮೆ ಇಲ್ಲವಾದರೆ ಹೊಸ ಕುರಿಗಳಿಗೆ ಎಲ್ಲೆ ಕಲಿಸಲು ವರ್ಷಗಟ್ಟಲೆ ಮನುಷ್ಯರೇ ಕಾಯುತ್ತ ನಿಲ್ಲಬೇಕು. 2001ರ ಕಾಲುಬಾಯಿ ಜ್ವರದಲ್ಲಿ ಪಶ್ಚಿಮದ ಕಂಬ್ರಿಯಾದ ಬೆಟ್ಟಗಳಲ್ಲಿ ಮಂದೆಗಳನ್ನು ಕೊಂದಾಗ ಜನ ಹೆದರಿದ್ದು ಈ ಕಾರಣಕ್ಕೆ. 'ನನ್ನ ಮಗ ಊರಿನಲ್ಲಿ ಬೇರೆ ಕೆಲಸ ಮಾಡುತ್ತಾನೆ' ಎಂದು ಅವರು ಯಾರೂ ಕೇಳದೆಯೇ ಹೇಳಿದರು. ಗಮಕಿಗಳೊಬ್ಬರು ಇದೇ ಮಾತನ್ನು ಇದೇ ಧ್ವನಿಯಲ್ಲಿ ಹೇಳಿದ್ದನ್ನು ನಾನು ಕೇಳಿದ್ದೇನೆ.

ಕ್ಯಾಡ್ಮನ್ ಕಾವ್ಯ ಕಟ್ಟುತ್ತಿದ್ದ ಬಗೆಯನ್ನು ಬೀಡ್ ಹೇಳುವ ರೀತಿ ಇಲ್ಲಿ ನೆನಪಾಯಿತು. ಓದು ಬಾರದ ಅವನಿಗೆ ಮಠದವರು ಪವಿತ್ರ ಕಥೆಗಳನ್ನು ಹೇಳುತ್ತಿದ್ದರು. ಅವನು ಕೇಳಿದ್ದನ್ನು ಶುದ್ಧ ಪಶುವಿನಂತೆ ಮೆಲುಕು ಹಾಕಿ ಇಂಪಾದ ಹಾಡಾಗಿಸುತ್ತಿದ್ದನಂತೆ. ಮೆಲುಕು ಹಾಕುವ ಪ್ರಾಣಿಯನ್ನು ಶುದ್ಧವೆಂದು ಗಣಿಸುವ ಹಳೆಯ ಒಡಂಬಡಿಕೆಯ ವಿಧಿ ಅದರ ಹಿಂದಿದೆಯೆಂದು ವ್ಯಾಖ್ಯಾನಕಾರರು ವಿವರಿಸುತ್ತಾರೆ, ಅದು ಸರಿಯೆ. ಆದರೆ ದನಗಾಹಿಯನ್ನು ಕುರಿತು ಬಳಸಿದ ಹೋಲಿಕೆಯಿದು ಎಂಬುದನ್ನು ಮರೆಯಬಾರದು. ಕನ್ನಡದಲ್ಲಿ ನೆನಪನ್ನು ಮೆಲುಕು ಹಾಕುವುದೆಂದು ದಿನವೂ ಹೇಳುತ್ತೇವೆ. ಹೇಳಿ ಹೇಳಿ ಅದರಲ್ಲಿ ದನ ಕಾಣದಂತಾಗಿದೆ. ಕುರಿಯ ದವಡೆ ಎಡಕ್ಕೂ ಬಲಕ್ಕೂ ಒಂದೇ ಗತಿಯಲ್ಲಿ ತಿರುಗುವುದನ್ನು ನೋಡುತ್ತ ನಿಂತಾಗ ಆ ಮಾತಿಗೆ ಮತ್ತೆ ಜೀವ ಬಂತು. ಕ್ಯಾಡ್ಮನ್ನನ ದನಗಳು ಈ ಎತ್ತರಕ್ಕೆ ಬಂದಿರಲಾರವು. ಹೆದರನ್ನು ನಂಬಿ ಹೈನು ನಡೆಯುವುದಿಲ್ಲ. ಹಿಂದಿನ ದಿನ ಕಂಡ ಜೇಡಿಮಣ್ಣಿನ ಪಟ್ಟಿಯೇ ಅವನ ಗೋಮಾಳವೆಂದು ನನ್ನ ಊಹೆ.

ರೋಸ್‌ಡೇಲ್ ಕಣಿವೆಗೆ ಇಳಿದು ಎದುರಿನ ಚಿಮ್ನಿ ಬ್ಯಾಂಕ್ ಏರನ್ನು ಮಗಳ ಮಾತಿನಂತೆ ತಳ್ಳಿಕೊಂಡೇ ಹತ್ತಿದೆ. ತಳ್ಳುವುದೂ ಸುಲಭವಲ್ಲ, ಪಾದ ಹಿಂದಕ್ಕೆ ಜಾರುತ್ತದೆ, ಬ್ರೇಕು ಹಿಡಿದು ಉಸಿರು ತೆಗೆದುಕೊಳ್ಳಬೇಕು. ಆ ಹೆಸರಿಗೆ ಕಾರಣವಾದ ಗಣಿಯ ಚಿಮಣಿಯನ್ನು 1972ರಲ್ಲಿ ಕೆಡವಿದರು. 1850ರ ದಶಕದಲ್ಲಿ ಇಲ್ಲಿ ಕಬ್ಬಿಣದ ಅದಿರು ಸಿಕ್ಕು, ಕೆಲವೇ ನೂರು ಜನರಿದ್ದ ಕಣಿವೆಗೆ ಸಾವಿರಾರು ಜನ ಬಂದರು. 1861ರಿಂದ 1929ರವರೆಗೆ ಅದಿರಿನ ರೈಲು ಓಡಿತು. ನೆತ್ತಿಯಿಂದ ಹಿಂತಿರುಗಿ ನೋಡಿದರೆ ಕಣಿವೆಯ ಪಕ್ಕೆಯ ಸುತ್ತ ಆ ಹಳಿಯ ಪಾತಳಿ, ಬರೆಯುವ ಮೊದಲು ಹಾಳೆಗೆ ಎಳೆದ ಗೆರೆಯಂತೆ ಮಟ್ಟಸವಾಗಿ ಹೋಗಿದೆ. ಅದಿರು ಸುಡುತ್ತಿದ್ದ ಗೂಡುಗಳ ಕಲ್ಲಿನ ಕಮಾನುಗಳು ಎದುರು ಪಕ್ಕೆಯಲ್ಲಿವೆ. ನಮ್ಮ ಕುದುರೆಮುಖದಲ್ಲಿಯೂ ಇಂಥದೇ ಬೋಳು ಹಸಿರು ಎತ್ತರ, ಇಂಥದೇ ಅದಿರು. ಅಲ್ಲಿಂದ ಅದು ಕೊಳವೆಯಲ್ಲಿ ಮಂಗಳೂರಿನ ಕಡಲಿಗೆ ಇಳಿಯುತ್ತಿತ್ತು. 2005ರ ಕೊನೆಗೆ ಗಣಿ ನಿಂತಿತು. ನಾಳೆ ಅಲ್ಲಿಯೂ ಹುಲ್ಲು ಮುಚ್ಚಿದ ಮೇಲೆ ಬಂದವರು ಪ್ರಕೃತಿಯೆಂದೇ ಓದಿಯಾರು. ಗಣಿಯ ಕೆಲಸಗಾರರ ಮಾತುಗಳನ್ನು ಈಗಲೇ ಬರೆದಿಡುವ ಸಂಶೋಧಕರು ನಮ್ಮಲ್ಲಿ ಬೇಕು. ಇದನ್ನು ಓದುವ ವಿದ್ಯಾರ್ಥಿಗಳಲ್ಲಿ ಯಾರಾದರೂ ಕೈಗೆತ್ತಿಕೊಳ್ಳಬಹುದಾದ ವಿಷಯ.

ಹಟನ್ ಹಳ್ಳಿಗೆ ಇಳಿದು ಬ್ಲೇಕಿ ದಿಣ್ಣೆಯ ಮೇಲೆ ಉತ್ತರಕ್ಕೆ ತಿರುಗಿದಾಗ ಎದುರುಗಾಳಿ. ತುಳಿತ ನಿಧಾನವಾಯಿತು, ನಿಂತಿತು, ಮತ್ತೆ ಸಾಗಿತು. ನಾಲ್ಕು ಹಾದಿ ಬಳಿ ಬರುವಲ್ಲಿ ಯಂಗ್ ರಾಲ್ಫ್ ಎಂಬ ಕಲ್ಲಿನ ಶಿಲುಬೆಯಿದೆ. ಮಂಜಿನಲ್ಲಿ ದಾರಿ ತಪ್ಪದಿರಲೆಂದು ಇಂಥ ಕಲ್ಲುಗಳನ್ನು ಈ ಮೂರುಗಳ ಮೇಲೆ ಹಿಂದಿನಿಂದಲೂ ನೆಟ್ಟಿದ್ದಾರೆ. ಉಳ್ಳವರು ಅದರ ತಲೆಯ ಮೇಲಿನ ಗುಳಿಯಲ್ಲಿ ನಾಣ್ಯ ಇಡುವುದು, ಇಲ್ಲದ ದಾರಿಹೋಕರು ತೆಗೆದುಕೊಳ್ಳುವುದು ಹಳೆಯ ರೂಢಿಯಂತೆ. ಕಲ್ಲು ಆಳೆತ್ತರಕ್ಕಿಂತ ಹೆಚ್ಚು; ನನ್ನ ಕೈ ಎಟುಕಲಿಲ್ಲ. ಅಲ್ಲಿಂದ ಕಾಸಲ್‌ಟನ್ನಿನ ನಿಲ್ದಾಣಕ್ಕೆ ಇಳಿಜಾರು. ದಿನಕ್ಕೆ ಕೆಲವೇ ರೈಲುಗಳ ಆ ಮಾರ್ಗದಲ್ಲಿ ಮುಂದಿನದಕ್ಕೆ ಇನ್ನೂ ಒಂದು ಗಂಟೆಯಿತ್ತು. ಬೆಂಚಿನ ಮೇಲೆ ಕುಳಿತು ಮಲೆನಾಡಿನ ಆ ವಿದ್ಯಾರ್ಥಿನಿಗೆ ಒಂದು ಕಾಗದ ಬರೆಯತೊಡಗಿದೆ.