ಕುದುರೆ ಬರುವ ಮೊದಲಿನ ಆರು ತಿಂಗಳು

ಪ್ರೀತಿಯ ಗೆಳತಿಗೆ,

ನಿಮ್ಮ ಪತ್ರ ಬಂದಾಗಿನಿಂದ ಅದೇ ಗುಂಗಿನಲ್ಲಿದ್ದೇನೆ. ರೇಸ್ ಬಿಟ್ಟ ಏಳು ವರ್ಷದ ಕುದುರೆಯೊಂದು ಎಣಿಸಿದ್ದಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತಿದೆ, ದೊಡ್ಡಬಳ್ಳಾಪುರದ ತೋಟದಲ್ಲಿ ಜಾಗವಿದೆ, ಮಗಳು ಆಗಲೇ ಹೆಸರನ್ನೂ ಇಟ್ಟಾಗಿದೆ, ತಿಂಗಳಿಗೆ ಎಷ್ಟು ಖರ್ಚು ಬಂದೀತು ಎಂದು ಕೇಳಿದ್ದೀರಿ. ಬೇಡ ಅನ್ನಲು ನನಗೆ ಮನಸ್ಸಿಲ್ಲ. ನಮ್ಮ ಲಾಯದಲ್ಲಿರುವವಳೂ ಹಾಗೆಯೇ ಟ್ರ್ಯಾಕ್ ಬಿಟ್ಟು ಬಂದವಳು. ಆದರೆ ಬೆಲೆ ಕಡಿಮೆ ಎಂಬುದನ್ನು ಲೆಕ್ಕದ ಪುಸ್ತಕಕ್ಕೆ ತರಲೇಬೇಡಿ. ಚೆನ್ನಾಗಿ ನೋಡಿಕೊಂಡರೆ ಕುದುರೆ 25 ವರ್ಷ ದಾಟಿಯೂ ಬದುಕುತ್ತದೆ. ನೀವು ಕೊಳ್ಳಹೊರಟಿರುವುದು ಇನ್ನು 18 ವರ್ಷದ ಊಟ, ಅದರಲ್ಲಿ ಕೊನೆಯ ಕೆಲವು ವರ್ಷ ಯಾರೂ ಬೆನ್ನೇರದ ಮುಪ್ಪು.

450 ಕಿಲೋ ತೂಗುವ ಕುದುರೆಗೆ ದಿನಕ್ಕೆ 8ರಿಂದ 10 ಕಿಲೋ ಒಣಮೇವು ಬೇಕು. ವರ್ಷಕ್ಕೆ ಹತ್ತಿರ ಹತ್ತಿರ ಮೂರೂವರೆ ಟನ್. ನಿಮ್ಮೂರಿನ ದರ ಹಾಕಿ ಗುಣಿಸಿ, ಆದರೆ ಸುಗ್ಗಿಯ ದರವನ್ನಲ್ಲ, ಏಪ್ರಿಲ್ ದರವನ್ನು. ಸುಗ್ಗಿಯಲ್ಲೇ ಕೊಂಡಿಡುತ್ತೇನೆ ಎಂದರೆ ಮಳೆ ತಾಗದ ಕೊಟ್ಟಿಗೆಯ ಖರ್ಚನ್ನು ಬರೆಯಿರಿ. ಬೂಷ್ಟು ಹಿಡಿದ ಹುಲ್ಲು ಕುದುರೆಯ ಶ್ವಾಸಕ್ಕೂ ಹೊಟ್ಟೆಗೂ ಕೆಡುಕು.

‘ಹಸುಗಳಿಗೆ ಬೆಳೆದ ನೇಪಿಯರ್ ಹುಲ್ಲು ಇದೆಯಲ್ಲ’ ಎಂದು ಬರೆದಿದ್ದೀರಿ. ಅದೊಂದನ್ನೇ ನಂಬಬೇಡಿ. ನೇಪಿಯರ್‌ನಲ್ಲಿ ಆಕ್ಸಲೇಟ್ ಹೆಚ್ಚು. ಅದು ಮೇವಿನ ಕ್ಯಾಲ್ಸಿಯಂ ಅನ್ನು ಮೈಗೆ ಹತ್ತಗೊಡುವುದಿಲ್ಲ. ಹಸುವಿನ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು ಆಕ್ಸಲೇಟನ್ನು ಬಹುಮಟ್ಟಿಗೆ ಕರಗಿಸಿಬಿಡುತ್ತವೆ, ಕುದುರೆಗೆ ಆ ಅನುಕೂಲವಿಲ್ಲ. ತಿಂಗಳುಗಟ್ಟಲೆ ನೇಪಿಯರನ್ನೇ ತಿಂದರೆ ದೇಹ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಕೀಳುತ್ತದೆ. ಕುಂಟು ಬರುತ್ತದೆ, ಮುಖದ ಮೂಳೆ ಊದುತ್ತದೆ. ಜೊತೆಗೆ ಗೋಧಿ ಬೂಸಾ ಹೆಚ್ಚು ಸುರಿದರೆ ಅದರ ರಂಜಕದಿಂದ ತೊಂದರೆ ಇನ್ನೂ ಬಲಿಯುತ್ತದೆ. ನಮ್ಮ ಹಿರಿಯರು ಲೂಸರ್ನ್ ಸೊಪ್ಪಿಗೆ ಕುದುರೆ ಮಸಾಲೆ ಎಂದು ಹೆಸರಿಟ್ಟದ್ದು ನನಗೆ ತುಂಬ ಇಷ್ಟ. ಕ್ಯಾಲ್ಸಿಯಂ ತುಂಬಿದ ಸೊಪ್ಪು ಅದು. ಕಾಲೆಕರೆ ಜಾಗವನ್ನು ಅದಕ್ಕೆಂದೇ ಬಿಟ್ಟುಕೊಡಿ. ಇನ್ನು ದನದ ಮತ್ತು ಕೋಳಿಯ ತಯಾರಿ ಆಹಾರದ ಚೀಲಗಳನ್ನು ಲಾಯದ ಹತ್ತಿರವೂ ಇಡಬೇಡಿ. ಕೆಲವುಗಳಲ್ಲಿ ಮೊನೆನ್ಸಿನ್ ಎಂಬ ಔಷಧಿ ಬೆರೆಸಿರುತ್ತಾರೆ. ಹಸುವಿಗೆ ಒಗ್ಗುವ ಅದು ಕುದುರೆಯ ಹೃದಯದ ಸ್ನಾಯುವನ್ನೇ ಕೆಡಿಸಿ ಕೊಲ್ಲಬಲ್ಲದು.

ಲಾಳ ಕಟ್ಟುವವರು ಆರರಿಂದ ಎಂಟು ವಾರಕ್ಕೊಮ್ಮೆ ಬರಬೇಕು. ಲಾಳ ಬೇಡವೆಂದರೂ ಗೊರಸು ಬೆಳೆಯುತ್ತಲೇ ಇರುತ್ತದೆ, ಕೆತ್ತಲೇಬೇಕು. ವರ್ಷಕ್ಕೊಮ್ಮೆ ಹಲ್ಲಿಗೆ ಅರ ಹಾಕಿಸುವುದು, ಧನುರ್ವಾಯು ಮತ್ತು ರೇಬಿಸ್ ಲಸಿಕೆ, ಲದ್ದಿ ಪರೀಕ್ಷೆ ಮಾಡಿಸಿ ಜಂತಿನ ಔಷಧಿ. ಇವೆಲ್ಲ ಬರುವ ತಿಂಗಳು ಗೊತ್ತಿರುವ ಖರ್ಚು, ಹೆದರಬೇಕಿಲ್ಲ. ಕೊಳ್ಳುವ ಮೊದಲಿನ ಪರೀಕ್ಷೆಗೆ ಮಾತ್ರ ಜಿಪುಣತನ ಮಾಡಬೇಡಿ. ಹಣೆಯ ಸುಳಿ ನೋಡುವವರು ಬೇಕಾದಷ್ಟು ಜನ ಸಿಗುತ್ತಾರೆ, ನೀವು ಕುದುರೆ ಬಲ್ಲ ವೈದ್ಯರಿಂದ ಮುಂಗಾಲಿನ ಸ್ನಾಯುರಜ್ಜು ನೋಡಿಸಿ. ಓಟದ ಕುದುರೆಯ ಹಳೆಯ ಪೆಟ್ಟು ಅಡಗಿರುವುದು ಅಲ್ಲಿ. ರಕ್ತವನ್ನು ಸರ್ರಾಕ್ಕೂ ಗ್ಲ್ಯಾಂಡರ್ಸ್‌ಗೂ ಪರೀಕ್ಷೆ ಮಾಡಿಸಿ. ಗ್ಲ್ಯಾಂಡರ್ಸ್ ಮನುಷ್ಯರಿಗೂ ಅಂಟುವ ರೋಗ. ಸರ್ರಾ ಹರಡುವುದು ಕಚ್ಚುವ ನೊಣಗಳಿಂದ. ದನಗಳ ಮೈಯಲ್ಲಿ ಅದು ಲಕ್ಷಣ ತೋರಿಸದೆ ಕುಳಿತಿರಬಹುದು, ಹಾಗಾಗಿ ನಿಮ್ಮ ಹಸುಗಳದ್ದನ್ನೂ ನೋಡಿಸಿ.

ಈಗ ನಾನು ಬರೆಯದೇ ಬಿಟ್ಟಿದ್ದ ಖರ್ಚಿನ ವಿಷಯ. ನಮ್ಮ ಕುದುರೆ ಬಂದ ಮೊದಲ ವರ್ಷ, ಯುಗಾದಿಯ ಹಿಂದಿನ ರಾತ್ರಿ. ಅವಳನ್ನು ನೋಡಿಕೊಳ್ಳುವ ಸೈಸ್ ಹಬ್ಬಕ್ಕೆ ಊರಿಗೆ ಹೋಗಿದ್ದ. ಹತ್ತು ಗಂಟೆಗೆ ಲಾಯಕ್ಕೆ ಹೋದರೆ ಅವಳು ಮೈಯೆಲ್ಲ ಬೆವೆತು, ಮತ್ತೆ ಮತ್ತೆ ತಿರುಗಿ ತನ್ನ ಪಕ್ಕೆಯನ್ನೇ ನೋಡುತ್ತಿದ್ದಳು, ನೆಲ ಕೆರೆದು ಮಲಗುತ್ತಿದ್ದಳು, ಏಳುತ್ತಿದ್ದಳು. ಹೊಟ್ಟೆಶೂಲೆ, ಲಾಯದವರು ಕಾಲಿಕ್ ಅನ್ನುತ್ತಾರೆ. ಕುದುರೆಗೆ ವಾಂತಿಯಾಗುವುದಿಲ್ಲ, ಒಳಗೆ ತುಂಬಿಕೊಂಡದ್ದಕ್ಕೆ ಮೇಲೆ ದಾರಿಯಿಲ್ಲ. ವೈದ್ಯರು ಬಂದು ಮೂಗಿನಿಂದ ಜಠರಕ್ಕೆ ಕೊಳವೆ ಇಳಿಸಿದರು, ಬೆಳಗಿನವರೆಗೆ ಬಾಟಲಿಗಟ್ಟಲೆ ಡ್ರಿಪ್ ಹಾಕಿದರು. ಶಸ್ತ್ರಚಿಕಿತ್ಸೆಗೆ ಸಾಗಿಸಬೇಕಾದೀತೆಂದು ಲಾರಿಯೂ ಗೇಟಿನಲ್ಲಿ ಕಾದು ನಿಂತಿತ್ತು. ಬೇವುಬೆಲ್ಲದ ಹೊತ್ತಿಗೆ ಅವಳು ಲದ್ದಿ ಹಾಕಿದಾಗ ನಾನೂ ವೈದ್ಯರೂ ಕಣ್ಣೊರೆಸಿಕೊಂಡೆವು. ಅವಳ ಮೂರು ತಿಂಗಳ ಮೇವಿನ ಹಣ ಆ ಒಂದು ರಾತ್ರಿಗೆ ಮುಗಿದಿತ್ತು. ಮುಂದಿನ ವಾರ ನಾನು ಬಳೆ ಅಡವಿಟ್ಟೆ. ಹಣ ಹೊಂದಿಸಬಲ್ಲವಳಾಗಿದ್ದೆ, ಸರಿ. ಆಗದಿದ್ದರೆ, ಅಷ್ಟು ದೊಡ್ಡ ಪ್ರಾಣಿ ನನ್ನನ್ನೇ ನೋಡುತ್ತಾ ನಿಂತಿರುವಾಗ ನಾನು ಏನು ಮಾಡಬೇಕಿತ್ತು?

ಅದಕ್ಕೇ ನಿಮಗೆ ಇಷ್ಟು ಒತ್ತಾಯ ಮಾಡುತ್ತಿದ್ದೇನೆ. ಕುದುರೆಗೆ ಮುಂಗಡ ಕೊಡಬೇಡಿ, ಬ್ಯಾಂಕಿನಲ್ಲಿ ಅದರ ಹೆಸರಿಗೊಂದು ಖಾತೆ ತೆರೆಯಿರಿ. ಮಗಳು ಇಟ್ಟ ಹೆಸರನ್ನೇ ಪಾಸ್‌ಬುಕ್ಕಿನ ಮೇಲೆ ಬರೆಯಲಿ. ಮೇವು, ಸೈಸ್‌ನ ಸಂಬಳ, ಅವನು ರಜೆ ಹೋದಾಗ ಬರುವವನ ಕೂಲಿ, ಲಾಳ, ಲಸಿಕೆ, ಇವುಗಳ ಒಟ್ಟಿಗೆ ಐದರಲ್ಲೊಂದು ಪಾಲು ಸೇರಿಸಿ, ಕುದುರೆ ಮನೆಗೆ ಬಂದಿದೆಯೆಂದೇ ಭಾವಿಸಿ ತಿಂಗಳು ತಿಂಗಳೂ ಕಟ್ಟಿ. ಆರು ತಿಂಗಳು ಒಮ್ಮೆಯೂ ಕೈಹಾಕದೆ ಕಟ್ಟಲಾದರೆ ಕುದುರೆಯನ್ನು ತನ್ನಿ. ಕೂಡಿದ ಹಣವನ್ನು ಅಂಥ ರಾತ್ರಿಗೆಂದು ಹಾಗೇ ಬಿಡಿ. ಮೂರನೇ ತಿಂಗಳಿಗೇ ಶಾಲೆಯ ಫೀಸಿಗೆಂದು ತೆಗೆಯಬೇಕಾಗಿ ಬಂದರೆ, ಯಾವ ಜೀವಕ್ಕೂ ನೋವಾಗದೆ ಉತ್ತರ ಸಿಕ್ಕಂತಾಯಿತು. ಆಗಲೂ ಮಗಳು ಸವಾರಿ ಶಾಲೆಗೆ ಹೋಗಲಿ, ಲದ್ದಿ ಬಾಚಲಿ, ಮೈ ಉಜ್ಜಲಿ.

ಆ ಕುದುರೆ ಕೈತಪ್ಪಿ ಹೋದೀತು ಎಂಬ ಆತಂಕ ನಿಮಗಿದೆ, ಗೊತ್ತು. ಹೋಗಲಿ. ಪ್ರತಿ ವರ್ಷವೂ ಟ್ರ್ಯಾಕ್ ಬಿಟ್ಟು ಮನೆ ಹುಡುಕುವ ಕುದುರೆಗಳಿರುತ್ತವೆ.

ಬರುವ ಭಾನುವಾರ ನಮ್ಮಲ್ಲಿಗೆ ಲಾಳ ಕಟ್ಟುವವರು ಬರುತ್ತಾರೆ. ಮಗಳನ್ನು ಕರೆದುಕೊಂಡು ಬೆಳಿಗ್ಗೆ ಏಳಕ್ಕೆಲ್ಲ ಬಂದುಬಿಡಿ, ತಿಂಡಿ ಇಲ್ಲೇ. ಅವಳಿಗೆ ಚಪ್ಪಲಿ ಬೇಡ, ಗಟ್ಟಿ ಶೂ ಹಾಕಿಸಿ. ಗೊರಸು ಎತ್ತಿ ಹಿಡಿಯುವುದನ್ನು ಅವತ್ತೇ ಕಲಿಸುತ್ತೇನೆ.

ನಿಮ್ಮ ದಾರಿ ಕಾಯುತ್ತಾ,
ನಿಮ್ಮ ಗೆಳತಿ