ತಮಟೆ ಕಾಯಿಸುವ ಹೊತ್ತು

ಸೌಂದರ್ಯ ಅಂದರೆ ಏನು ಅಂತ ನಮ್ಮನ್ನು ಯಾರೂ ಕೇಳಿದ್ದಿಲ್ಲ. ಅದರ ಬಗ್ಗೆ ಬರೆದವರು ಹೂವು, ಚಂದ್ರ, ಮುಂಗಾರು ಮಳೆ ಅಂತ ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಮಳೆ ಬಂದರೆ ನಮ್ಮ ಗುಡಿಸಲು ಸೋರುತ್ತಿತ್ತು. ಹಾಗಂತ ಚೆಂದ ಅನ್ನೋದು ನಮಗೆ ಗೊತ್ತಿರಲಿಲ್ಲವೆ? ನಮ್ಮ ಕೇರಿಯಲ್ಲಿ ಅದು ತಮಟೆಯೊಳಗೆ ಕೂತಿತ್ತು.

ತಮಟೆ ಸುಮ್ಮನೆ ನುಡಿಯುವುದಿಲ್ಲ ಗೆಳೆಯರೆ. ಥಂಡಿ ಹಿಡಿದ ಚರ್ಮ ಜೋತುಬಿದ್ದು ದಬದಬ ಅನ್ನುತ್ತದೆ. ಒಣಹುಲ್ಲು, ಗರಿ, ಹಳೇ ಕಾಗದ ಗುಡ್ಡೆ ಹಾಕಿ ಬೆಂಕಿ ಹಚ್ಚಿ, ಅದರ ಝಳಕ್ಕೆ ಹಿಡಿದು ತಿರುಗಿಸುತ್ತಿರಬೇಕು. ಹತ್ತಿರ ಹಿಡಿದರೆ ಚರ್ಮ ಸುಟ್ಟುಹೋಗುತ್ತದೆ, ದೂರ ಹಿಡಿದರೆ ಬಿಗಿಯುವುದಿಲ್ಲ. ನಮ್ಮ ತಾತಂದಿರು ಬೆರಳಲ್ಲಿ ತಟ್ಟಿ, ಕಿವಿಗೊಟ್ಟು, 'ಹ್ಞೂಂ, ಈಗ ಬಂತು ನೋಡ್ಲಾ' ಅನ್ನುತ್ತಿದ್ದರು. ಒಂದು ಕೈಯಲ್ಲಿ ದಪ್ಪ ಕೋಲು, ಇನ್ನೊಂದರಲ್ಲಿ ತೆಳ್ಳನೆ ಕಡ್ಡಿ. ಎರಡೂ ಸೇರಿ ಎತ್ತಿದ ಗತ್ತಿಗೆ ಸತ್ತ ದನವೂ ಎದ್ದು ಬರಬೇಕು! ಯಾವ ಸಂಗೀತ ಶಾಲೆಯವರೂ ನಮಗೆ ಇದನ್ನು ಕಲಿಸಲಿಲ್ಲ.

ಆದರೆ ಈ ಚೆಂದದ ಕೊರಳಿಗೆ ಹಗ್ಗವಿತ್ತು. ಊರಲ್ಲಿ ಸಾವಾದರೆ ಬಡಿಯಬೇಕು, ಡಂಗುರಕ್ಕೆ ಬಡಿಯಬೇಕು, ಜಾತ್ರೆಗೆ ಬಡಿದು ಗುಡಿಯಿಂದಾಚೆಗೇ ನಿಲ್ಲಬೇಕು. ಕೊಟ್ಟಷ್ಟು ಕಾಳು, ಹೊಯ್ದಷ್ಟು ಹೆಂಡ. ಒಲ್ಲೆ ಅಂದರೆ ಕೂಲಿಯಿಲ್ಲ, ನೀರಿಲ್ಲ, ಅಂಗಡಿಯಲ್ಲಿ ಬೆಂಕಿಪೊಟ್ಟಣವೂ ಇಲ್ಲ.

1970ರ ದಶಕದಲ್ಲಿ ದಲಿತ ಚಳವಳಿ ಎದ್ದಾಗ ನಮ್ಮ ನಮ್ಮಲ್ಲೇ ಜಗಳ ಹುಟ್ಟಿತು. 'ಇನ್ಮೇಲೆ ಅವರ ಹೆಣದ ಮುಂದೆ ಬಡಿಯಾಕಿಲ್ಲ' ಅಂದರು ಹುಡುಗರು. 'ಬಡಿಯೋದ್ ಬಿಟ್ರೆ ಈ ಕೈನ ಏನ್ ಮಾಡ್ಲಿ ಮಗಾ?' ಅಂದರು ಮುದುಕರು. ಎರಡೂ ನಿಜ. ತಮಟೆಯನ್ನು ಅಟ್ಟಕ್ಕೆ ಎಸೆದು ಮತ್ತೆ ಮುಟ್ಟದವರ ಸಿಟ್ಟನ್ನು ನಾವು ಸಣ್ಣದು ಮಾಡುವುದಿಲ್ಲ. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ ಬಂತು. ಹೋರಾಟದ ಹಾಡುಗಳ ಜೊತೆ ಅದೇ ತಮಟೆ ಮೆರವಣಿಗೆಯ ಮುಂದೆ ನಡೆಯಿತು.

2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ನಮಗೆ ಹೆಮ್ಮೆಯೇ. ಚಪ್ಪಾಳೆ ಹೊಡೆದವರಲ್ಲಿ ಎಷ್ಟು ಜನ ಹಸಿ ಚರ್ಮದ ವಾಸನೆ ತಡೆದುಕೊಂಡಾರು ಅನ್ನೋದು ಬೇರೆ ಮಾತು.

ಈಗ ಏಪ್ರಿಲ್ 14ರ ಸಂಜೆ ಕೇರಿಯ ಹುಡುಗರು ಅಂಬೇಡ್ಕರ್ ಪಟದ ಮುಂದೆ ಹುಲ್ಲು ಗುಡ್ಡೆ ಹಾಕುತ್ತಾರೆ. ಹುಡುಗಿಯರೂ ಬಂದು ತಮಟೆ ಕಾಯಿಸಿಕೊಳ್ಳುತ್ತಾರೆ. ಯಾರ ಮನೆಯಿಂದಲೂ ಕರೆ ಬಂದಿರುವುದಿಲ್ಲ.